ಗಾಜಿನ ಜೀರುಂಡೆ, ಹಿತ್ತಾಳೆಯ ಫೇರೋ: ಹಳೆಯ ಈಜಿಪ್ಟ್ ಶೈಲಿಯ ಗಿಲೀಟು ಒಡವೆಗಳ ಜೊತೆ ನನ್ನ ಅನುಭವ

ಈಜಿಪ್ಟ್ ಶೈಲಿಯ ಹಳೆಯ ಒಡವೆ ಕೈಗೆ ಸಿಕ್ಕರೆ ನಾನು ಮೊದಲು ಅದನ್ನು ಮಗುಚಿ ಬೆನ್ನು ನೋಡುತ್ತೇನೆ. ಮುಂದೆ ಫೇರೋನ, ಅಂದರೆ ಪ್ರಾಚೀನ ಈಜಿಪ್ಟಿನ ರಾಜನ, ಮುಖ ಇರಬಹುದು, ರೆಕ್ಕೆ ಬಿಚ್ಚಿದ ಜೀರುಂಡೆ ಇರಬಹುದು. ಅದನ್ನು ನೋಡಿ ಕಾಲ ಹೇಳಲು ಆಗುವುದಿಲ್ಲ. ಫೇರೋನ ಮುಖವನ್ನು 1890ರಲ್ಲೂ ಮಾಡಿದರು, 1925ರಲ್ಲೂ ಮಾಡಿದರು, 1978ರಲ್ಲೂ ಮಾಡಿದರು. ಹಿಂದಿನ ಸೂಜಿ, ಕೊಕ್ಕೆ, ಬೆಸುಗೆ ಮಾತ್ರ ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತಾ ಬಂದಿವೆ. ಮುಂಭಾಗ ಗಿರಾಕಿಗೆ ಅಂತ ಮಾಡಿದ್ದು, ಬೆನ್ನು ಕೆಲಸಗಾರನದು.

ನಾನಿರುವುದು ಲಂಡನ್ನಿನ ಪಶ್ಚಿಮಕ್ಕೆ. ವಾರವಿಡೀ ಆಫೀಸು. ಉಳಿದ ಹೊತ್ತು ಕಿಟಕಿ ಪಕ್ಕದ ಮೇಜಿನ ಮೇಲೆ ಹಿತ್ತಾಳೆ, ಗಾಜು, ಭೂತಗನ್ನಡಿ. ಇಲ್ಲಿನ ಕೆಂಪ್ಟನ್ ಪಾರ್ಕ್ ಕುದುರೆ ರೇಸಿನ ಮೈದಾನದಲ್ಲಿ ತಿಂಗಳಿಗೆ ಎರಡು ಮಂಗಳವಾರ ಹಳೆ ಸಾಮಾನಿನ ಸಂತೆ ಸೇರುತ್ತದೆ. ಪೋರ್ಟೊಬೆಲ್ಲೋ ರಸ್ತೆಯಲ್ಲಿ ಶನಿವಾರ. ಬೇರೆಯವರು ಪಿಂಗಾಣಿ, ಗಡಿಯಾರ, ಬೆಳ್ಳಿ ಚಮಚ ಹುಡುಕುತ್ತಾರೆ. ನಾನು ತಟ್ಟೆಯ ತಳದಲ್ಲಿ ಸಿಕ್ಕುಹಾಕಿಕೊಂಡು ಬಿದ್ದಿರುವ ಗಿಲೀಟು ಸರಗಳನ್ನು ಹುಡುಕುತ್ತೇನೆ.

ಹಾಸನದಿಂದ ಬಂದಿದ್ದ ಗೆಳತಿಯ ಅಮ್ಮ ಒಮ್ಮೆ ನನ್ನ ಮೇಜು ನೋಡಿ, "ಇದೇನಮ್ಮಾ, ಎಲ್ಲಾ ಗಿಲೀಟಾ? ಚಿನ್ನ ಒಂದೂ ಇಲ್ವಾ?" ಎಂದು ಕೇಳಿದರು. "ಇಲ್ಲ ಆಂಟಿ, ಹಿತ್ತಾಳೆ ಮತ್ತು ಗಾಜು" ಎಂದೆ. "ಮತ್ತೆ ಇಷ್ಟು ಜೋಪಾನ ಯಾಕೆ?" ಎಂದರು. ನ್ಯಾಯವಾದ ಪ್ರಶ್ನೆ. ನಾನು ಅವರಿಗೆ ಪ್ರಾಚೀನ ಈಜಿಪ್ಟಿನ ರಾಜ ತುತಾಂಖಾಮನ್‌ನ ಮುಖವಾಡದ ಚಿತ್ರ ತೋರಿಸಿದೆ. ಸುಮಾರು ಹತ್ತು ಕಿಲೋ ಚಿನ್ನದ ಮುಖವಾಡ. ಹುಬ್ಬು, ಕಣ್ಣಿನ ಸುತ್ತ ಲ್ಯಾಪಿಸ್ ಎಂಬ ನೀಲಿ ಕಲ್ಲು. ಕಣ್ಣಿಗೆ ಸ್ಫಟಿಕ ಮತ್ತು ಕಪ್ಪು ಜ್ವಾಲಾಮುಖಿ ಗಾಜು. ಆದರೆ ತಲೆಯ ಮೇಲಿನ ಪಟ್ಟೆ ಪಟ್ಟೆ ವಸ್ತ್ರದ ನೀಲಿ ಇದೆಯಲ್ಲ, ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವ ನೀಲಿ, ಅದು ಗಾಜು. ಮನುಷ್ಯರು ಮಾಡಿದ ಬಣ್ಣದ ಗಾಜು. ರಾಜನ ಮುಖಕ್ಕೇ ಗಾಜು ಕೂರಿಸಿದವರ ಶೈಲಿಯನ್ನು ಗಾಜಿನಲ್ಲಿ ಮಾಡಿದರೆ ಅದು ಹೇಗೆ ಕೀಳಾಗುತ್ತದೆ? ಈ ಒಡವೆಗಳನ್ನು 'ನಕಲಿ' ಎನ್ನುವ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಅವು ಚಿನ್ನ ಆಗಲು ಹೋಗಿ ಸೋತ ವಸ್ತುಗಳಲ್ಲ. ಗಾಜಿನ ಕೆಲಸ ಬಲ್ಲವರು ಗಾಜು ಅಂತಲೇ ಮಾಡಿದ ವಸ್ತುಗಳು. ಹಾಗೆ ನೋಡಲು ಶುರು ಮಾಡಿದ ಮೇಲೆ ರಿಪೇರಿ ಮಾಡುವ ರೀತಿಯೂ ಬದಲಾಗುತ್ತದೆ.

ಮಾರುವವರ ಬಾಯಲ್ಲಿ ಎಲ್ಲವೂ "1923ರದ್ದು, ತುತಾಂಖಾಮನ್ ಸಮಾಧಿ ಸಿಕ್ಕಾಗಿನದು". ಆ ಸಮಾಧಿಯನ್ನು ಅಗೆದು ತೆಗೆದ ಹೊವರ್ಡ್ ಕಾರ್ಟರ್‌ನ ಕೆಲಸಗಾರರಿಗೆ ಸಮಾಧಿಯ ಮೊದಲ ಮೆಟ್ಟಿಲು ಸಿಕ್ಕಿದ್ದು 1922ರ ನವೆಂಬರ್ 4ರಂದು. ಆಮೇಲೆ ಯುರೋಪು, ಅಮೆರಿಕಾ ಎರಡೂ ಕಡೆ ಈಜಿಪ್ಟಿನ ಹುಚ್ಚು ಹಿಡಿದದ್ದು ನಿಜ. ಸಮಾಧಿಯ ಸುದ್ದಿ ಮೊದಲು ತನಗೇ ಸಿಗಲಿ ಅಂತ ಲಂಡನ್ನಿನ ಟೈಮ್ಸ್ ಪತ್ರಿಕೆ ಆ ಅಗೆತಕ್ಕೆ ದುಡ್ಡು ಹಾಕಿದ್ದ ಲಾರ್ಡ್ ಕಾರ್ನಾರ್ವನ್‌ಗೆ 5,000 ಪೌಂಡ್ ಕೊಟ್ಟಿತ್ತು. ಆದರೆ ಈ ಶೈಲಿ ಅದಕ್ಕೂ ಬಹಳ ಹಿಂದಿನದು. 1798ರಲ್ಲಿ ನೆಪೋಲಿಯನ್ ಸೈನ್ಯದ ಜೊತೆ ವಿದ್ವಾಂಸರನ್ನೂ ಚಿತ್ರಕಾರರನ್ನೂ ಈಜಿಪ್ಟಿಗೆ ಕರೆದುಕೊಂಡು ಹೋದ. ಅವರು ಬರೆದುಕೊಂಡು ಬಂದ ಚಿತ್ರಗಳು ದೊಡ್ಡ ದೊಡ್ಡ ಸಂಪುಟಗಳಾಗಿ ಅಚ್ಚಾದವು. 1822ರಲ್ಲಿ ಫ್ರೆಂಚ್ ವಿದ್ವಾಂಸ ಶಾಂಪೋಲಿಯನ್ ಈಜಿಪ್ಟಿನ ಚಿತ್ರಲಿಪಿಯ ಗುಟ್ಟು ಬಿಡಿಸಿದ. 1867ರ ಪ್ಯಾರಿಸ್ ಪ್ರದರ್ಶನದಲ್ಲಿ ದೊಡ್ಡ ದೊಡ್ಡ ಒಡವೆ ಮನೆಗಳು ಈಜಿಪ್ಟ್ ಶೈಲಿಯ ಪದಕಗಳನ್ನು ಇಟ್ಟಿದ್ದವು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಪ್ರತಿ ಸಲವೂ ಒಂದೊಂದು ಅಲೆ ಎದ್ದಿತು. ಶ್ರೀಮಂತರಿಗೆ ಚಿನ್ನದಲ್ಲಿ, ಉಳಿದವರಿಗೆ ಹಿತ್ತಾಳೆಯಲ್ಲಿ.

ಇನ್ನೊಂದು ಮಾತು. ತುತಾಂಖಾಮನ್‌ನ ಮುಖವಾಡ ಹೊರಗೆ ಬಂದದ್ದು ಸಮಾಧಿ ಸಿಕ್ಕ ತಕ್ಷಣ ಅಲ್ಲ. ಒಳಗಿನ ಶವಪೆಟ್ಟಿಗೆ ತೆರೆದದ್ದು 1925ರ ಅಕ್ಟೋಬರಿನಲ್ಲಿ. ಹಾಗಾಗಿ 1923ರ ಪದಕದಲ್ಲಿರುವ ಫೇರೋ ಆ ಮುಖವಾಡ ನೋಡಿ ಮಾಡಿದ್ದಾಗಿರಲು ಸಾಧ್ಯವೇ ಇಲ್ಲ. ಅದು ಹೆಚ್ಚಾಗಿ ಹಳೆಯ ಪುಸ್ತಕಗಳಿಂದ ಬಂದ ಯಾವುದೋ ಫೇರೋ. ಈ ಒಂದು ದಿನಾಂಕ ಗೊತ್ತಿದ್ದರೆ ಸಂತೆಯಲ್ಲಿ ಅರ್ಧ ಕಥೆಗಳನ್ನು ನಯವಾಗಿ ಪಕ್ಕಕ್ಕಿಡಬಹುದು.

ನನಗೆ ಅತಿ ಪ್ರಿಯವಾದ ಒಡವೆಗಳು ಈಜಿಪ್ಟಿನಲ್ಲೂ ಪ್ಯಾರಿಸಿನಲ್ಲೂ ಹುಟ್ಟಿದವಲ್ಲ. ಅವು ಬೊಹೀಮಿಯಾದ ಉತ್ತರ ತುದಿಯ ಯಾಬ್ಲೊನೆಟ್ಸ್ ಎಂಬ ಬೆಟ್ಟದೂರಿನವು. ಜರ್ಮನ್ ಮಾತಾಡುವವರು ಅದನ್ನು ಗಾಬ್ಲೊಂಟ್ಸ್ ಎನ್ನುತ್ತಿದ್ದರು. 1918ರವರೆಗೆ ಆಸ್ಟ್ರಿಯಾ ಸಾಮ್ರಾಜ್ಯ, ಆಮೇಲೆ ಚೆಕೊಸ್ಲೊವಾಕಿಯಾ, ಈಗ ಚೆಕ್ ಗಣರಾಜ್ಯ. ಸುತ್ತಲಿನ ಬೆಟ್ಟದ ಹಳ್ಳಿಗಳಲ್ಲಿ ಮನೆಮನೆಗೂ ಒಂದೊಂದು ಕೆಲಸ. ಒಂದು ಮನೆಯಲ್ಲಿ ಗಾಜಿನ ಕಡ್ಡಿ ಕಾಯಿಸಿ ಅಚ್ಚಿನ ಇಕ್ಕಳದಲ್ಲಿ ಒತ್ತುತ್ತಿದ್ದರು. ಇನ್ನೊಂದರಲ್ಲಿ ಅಂಚು ಉಜ್ಜುತ್ತಿದ್ದರು. ಮತ್ತೊಂದರಲ್ಲಿ ಹಿತ್ತಾಳೆ ತಗಡನ್ನು ಉಕ್ಕಿನ ಅಚ್ಚಿಗೆ ಒತ್ತಿ ಸಿಂಹನಾರಿ (ಸ್ಫಿಂಕ್ಸ್), ಹದ್ದು, ಕಮಲ ಎಬ್ಬಿಸುತ್ತಿದ್ದರು. ಮಣಿ ಪೋಣಿಸುವುದು, ಕೊಂಡಿ ಕೂಡಿಸುವುದು ಹೆಚ್ಚಾಗಿ ಹೆಂಗಸರ ಕೆಲಸ. ಈ ಊರಿಗೂ ನಮಗೂ ನೇರವಾದ ನಂಟಿದೆ: 19ನೇ ಶತಮಾನದ ಕೊನೆಯಿಂದ ಅಲ್ಲಿನ ಗಾಜಿನ ಬಳೆಗಳು ಹಡಗು ಹತ್ತಿ ಭಾರತಕ್ಕೆ ಬರುತ್ತಿದ್ದವು. ಅಂದರೆ ಲಂಡನ್ನಿನ ಹುಡುಗಿಗೆ ಜೀರುಂಡೆ ಸರ ಮಾಡಿದ ಬೆಟ್ಟದಲ್ಲೇ ನಮ್ಮ ಕಡೆಯ ಹೆಂಗಸರ ಕೈಗೂ ಬಳೆ ಆಗುತ್ತಿತ್ತು. ಇದು ಗೊತ್ತಾದ ಮೇಲೆ ಆ ಸರಗಳ ಮೇಲಿನ ಅಕ್ಕರೆ ಇನ್ನೂ ಜಾಸ್ತಿ ಆಯಿತು.

ಅಲ್ಲಿನ ಈಜಿಪ್ಟ್ ಶೈಲಿ ಎಂದರೆ ಎಲ್ಲರ ಬಾಯಲ್ಲಿ ಬರುವ ಹೆಸರು ನೈಗರ್ ಅಣ್ಣತಮ್ಮಂದಿರದು, ಮ್ಯಾಕ್ಸ್ ಮತ್ತು ನಾರ್ಬರ್ಟ್. ಅಚ್ಚೊತ್ತಿದ ಹಿತ್ತಾಳೆ, ಮೇಲೆ ಹಸಿರು, ನೀಲಿ, ಕೆಂಪು ಎನಾಮಲ್ ಎಂಬ ಹೊಳಪಿನ ಬಣ್ಣದ ಲೇಪ, ನಡುವೆ ಗಾಜಿನ ಜೀರುಂಡೆ ಅಥವಾ ಫೇರೋನ ತಲೆ. ಅವರು ಸಾಮಾನ್ಯವಾಗಿ ಒಡವೆಯ ಮೇಲೆ ಹೆಸರು ಒತ್ತುತ್ತಿರಲಿಲ್ಲ. ಅವರು ಯಹೂದಿಗಳು. 1938ರಲ್ಲಿ ಹಿಟ್ಲರ್ ಆ ಪ್ರದೇಶವನ್ನು ನುಂಗಿದಾಗ ಪ್ರಾಗ್‌ಗೆ ಓಡಿಹೋದರು. ಅಲ್ಲೂ ಉಳಿಯಲಾಗಲಿಲ್ಲ. ನಾಜಿಗಳು ಅವರನ್ನು ಕೊಂದರು. ಯುದ್ಧ ಮುಗಿದ ಮೇಲೆ ಯಾಬ್ಲೊನೆಟ್ಸ್‌ನ ಜರ್ಮನ್ ಕುಟುಂಬಗಳನ್ನೂ ಅಲ್ಲಿಂದ ಹೊರಹಾಕಿದರು. ಎಷ್ಟೋ ಜನ ಬವೇರಿಯಾದ ಕೌಫ್‌ಬಾಯ್ರನ್ ಪಕ್ಕದಲ್ಲಿ ನೊಯ್‌ಗಾಬ್ಲೊಂಟ್ಸ್ ಅಂತ ಊರು ಕಟ್ಟಿಕೊಂಡು ಅದೇ ಕಸುಬು ಮುಂದುವರಿಸಿದರು. ಸಂತೆಯಲ್ಲಿ ಯಾರಾದರೂ ಹಸಿರು ಎನಾಮಲ್ ಕಂಡ ಕೂಡಲೇ "ಇದು ನೈಗರ್" ಎಂದು ಸುಮ್ನೆ ಹೇಳಿಬಿಟ್ಟರೆ ನನಗೆ ಬೇಸರವಾಗುತ್ತದೆ. ಆ ಊರಲ್ಲಿ ಅದೇ ಬಗೆಯ ಅಚ್ಚು, ಅದೇ ಬಗೆಯ ಗಾಜು ಬಳಸಿದ ಕೈಗಳು ಎಷ್ಟೋ ಇದ್ದವು. ಹೆಸರು ಗೊತ್ತಿರುವ ಇಬ್ಬರ ತಲೆಗೆ ಎಲ್ಲ ಕಟ್ಟಿದರೆ ಉಳಿದವರು ಇರಲೇ ಇಲ್ಲ ಎಂದಂತೆ ಆಗುತ್ತದೆ. ನನ್ನ ಚೀಟಿಯಲ್ಲಿ ನಾನು "ಯಾಬ್ಲೊನೆಟ್ಸ್, 1920ರ ದಶಕ" ಎಂದಷ್ಟೇ ಬರೆಯುತ್ತೇನೆ.

ಈಗ ಬೆನ್ನಿನ ವಿಷಯ. ಪದಕದ ಪಿನ್ ಆದರೆ ಸೂಜಿ ಸಿಕ್ಕಿಸುವ ಜಾಗ ನೋಡಬೇಕು. ಸುಮ್ನೆ ಬಾಗಿಸಿದ ತೆರೆದ ಕೊಕ್ಕೆ, ಸೂಜಿ ಒಡವೆಯ ಅಂಚು ದಾಟಿ ಹೊರಗೆ ಚಾಚಿದೆ, ಇನ್ನೊಂದು ತುದಿಯಲ್ಲಿ ಕೊಳವೆಯಂಥ ಕೀಲು ಇದೆ ಎಂದರೆ ಬಹುಮಟ್ಟಿಗೆ 1910ಕ್ಕೂ ಹಿಂದಿನದು. ತಂತಿಯೊಂದು ಪುಟ್ಟ ಕೊಳವೆಯೊಳಗೆ ಜಾರುವ ಕೊಕ್ಕೆ ಇದ್ದರೆ ಯುರೋಪಿನ ಕೆಲಸ. ತಿರುಗಿಸಿ ಭದ್ರ ಮಾಡುವ ಕೊಕ್ಕೆ ಇದ್ದರೆ ಅದರ ಈಚಿನದು. ಕಿವಿಯ ಒಡವೆಯಲ್ಲಿ ತಿರುಪು ಮೊದಲು ಬಂತು, ಕ್ಲಿಪ್ 1930ರ ದಶಕದಲ್ಲಿ. ಸರದ ಕೊಕ್ಕೆಯ ಪುಟ್ಟ ಉಂಗುರದ ಮೇಲೆ, ಅಥವಾ ಪಿನ್ನಿನ ನಾಲಿಗೆಯ ಮೇಲೆ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ 'ಚೆಕೊಸ್ಲೊವಾಕಿಯಾ' ಎಂದು ಒತ್ತಿದ್ದರೆ 1918ಕ್ಕೆ ಮುಂಚಿನದಾಗಲು ಸಾಧ್ಯವಿಲ್ಲ, ಆ ದೇಶವೇ ಇರಲಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇಲ್ಲದೆ ನಾನು ಸಂತೆಗೆ ಹೋಗುವುದೇ ಇಲ್ಲ.

ಕೊಕ್ಕೆಯೊಂದನ್ನೇ ನಂಬಿದರೂ ಆಗದು. ಕೊಕ್ಕೆ ಬದಲಾಯಿಸುವುದು ಸುಲಭ. ಅದಕ್ಕೇ ಕೊಕ್ಕೆಯ ಲೋಹದ ಬಣ್ಣವೂ ಪಕ್ಕದ ಕೊಂಡಿಯ ಬಣ್ಣವೂ ಒಂದೇ ಥರ ಮಾಸಿದೆಯಾ ಎಂದು ನೋಡುತ್ತೇನೆ. ಕೊಂಡಿಗಳು ಒಂದನ್ನೊಂದು ಉಜ್ಜಿ ಸವೆದಿರಬೇಕು, ಸವೆತ ಎಳೆತ ಬೀಳುವ ಕಡೆಯಲ್ಲೇ ಇರಬೇಕು. ಕತ್ತಿನ ಹಿಂಭಾಗದ ಕೊಂಡಿಗಳು ಬೆವರಿಗೆ ಜಾಸ್ತಿ ಮಾಸಿರುತ್ತವೆ. ಈಗಲೂ ಯಾಬ್ಲೊನೆಟ್ಸ್ ಕಡೆ ಹಳೆಯ ಅಚ್ಚಿನ ತುಂಡುಗಳನ್ನು, ಹಳೆಯ ದಾಸ್ತಾನಿನ ಗಾಜನ್ನು ಹೊಸದಾಗಿ ಜೋಡಿಸಿ ಸರ ಮಾಡುತ್ತಾರೆ. ಅದರಲ್ಲಿ ಮೋಸವೇನೂ ಇಲ್ಲ, ಹೊಸದು ಎಂದು ಹೇಳಿ ಮಾರಿದರೆ. ತೊಂದರೆ ಬರುವುದು ಅವು ಎರಡು ಮೂರು ಕೈ ದಾಟಿ "1920ರದ್ದು" ಆಗಿಬಿಟ್ಟಾಗ. ಅಂಥವುಗಳಲ್ಲಿ ಎನಾಮಲ್ ಎಲ್ಲ ಕಡೆ ಒಂದೇ ಹೊಳಪು. ಹರಳಿನ ಅಂಚಿನಲ್ಲಿ ಅಂಟು ಕಾಣುತ್ತದೆ. ನೇರಳಾತೀತ ಟಾರ್ಚ್ ಬಿಟ್ಟರೆ ಈಗಿನ ಬಹಳಷ್ಟು ಅಂಟು ಬೆಳ್ಳಗೆ ನೀಲಿಯಾಗಿ ಹೊಳೆಯುತ್ತದೆ. ಅದೇ ಟಾರ್ಚಿಗೆ ಕೆಲವು ಹಳೆಯ ಹಸಿರು, ಹಳದಿ ಗಾಜು ಪ್ರಖರ ಹಸಿರಾಗಿ ಉರಿದ ಹಾಗೆ ಕಾಣುತ್ತದೆ. ಅದು ಗಾಜಿಗೆ ಬೆರೆಸಿದ ಯುರೇನಿಯಂ. ಆ ಕಾಲದಲ್ಲಿ ಬಣ್ಣಕ್ಕಾಗಿ ಅದನ್ನು ಸಹಜವಾಗಿ ಹಾಕುತ್ತಿದ್ದರು.

ಕೆಲಸ ಹೇಗೆ ಮಾಡುತ್ತೇನೆ ಎಂದು ಹೇಳಲು ಒಂದು ಸರವನ್ನು ಹತ್ತಿರದಿಂದ ತೋರಿಸುತ್ತೇನೆ. ನಡುವೆ ತ್ರಿಕೋನದ ಹಿತ್ತಾಳೆ ಫಲಕ. ಅದರಲ್ಲಿ ಎದುರುಬದುರು ಕೂತ ಎರಡು ಸಿಂಹನಾರಿಯರು. ಇಬ್ಬರಿಗೂ ರೆಕ್ಕೆ. ಈಜಿಪ್ಟಿನ ಸಿಂಹನರನಿಗೆ ಸಾಮಾನ್ಯವಾಗಿ ರೆಕ್ಕೆ ಇರುವುದಿಲ್ಲ, ಮುಖವೂ ಹೆಚ್ಚಾಗಿ ರಾಜನದು. ರೆಕ್ಕೆಯ ಹೆಣ್ಣು ಗ್ರೀಕರವಳು. ಅಚ್ಚು ಕೆತ್ತಿದವನು ಎರಡನ್ನೂ ಬೆರೆಸಿದ್ದಾನೆ. ಕೆಳಗಿನ ಚಿತ್ರಲಿಪಿಯೂ ಓದಲು ಬರುವಂಥದ್ದಲ್ಲ, ಬರೀ ಅಲಂಕಾರ. ನನಗೆ ಇದು ಕುಂದು ಅನ್ನಿಸುವುದಿಲ್ಲ. ಬೊಹೀಮಿಯಾದ ಬೆಟ್ಟದಲ್ಲಿ ಕೂತು, ಪತ್ರಿಕೆಯ ಕಪ್ಪುಬಿಳುಪು ಚಿತ್ರ ನೋಡಿ, ತಾನು ಕಾಣದ ದೇಶವನ್ನು ಹೀಗಿರಬಹುದು ಎಂದು ಕೆತ್ತಿದ ಕೈ ಅದು. ಬಣ್ಣವಂತೂ ಆ ಚಿತ್ರಗಳಲ್ಲಿ ಇರಲೇ ಇಲ್ಲ, ಬಣ್ಣ ಪೂರ್ತಿ ಅವರದೇ. ಇಬ್ಬರ ನಡುವೆ ಕೆಂಪು ಗಾಜಿನ ಉಬ್ಬು ಹರಳು. ಕೆಳಗೆ ಮೂರು ಜೋಲುಗಳು. ಎರಡರಲ್ಲಿ ಹಸಿರುನೀಲಿ ಗಾಜಿನ ಜೀರುಂಡೆ, ಮೂರನೆಯದು ಖಾಲಿ. ಹಿಂದೆ ಯಾರೋ ಹೊಸ ಕಾಲದ ದೊಡ್ಡ ಕೊಕ್ಕೆ ಹಾಕಿದ್ದರು. ಎಲ್ಲ ಸಂದಿಯಲ್ಲೂ ಕಿಲುಬು.

ಮೊದಲು ಎರಡೂ ಕಡೆ ಫೋಟೋ ತೆಗೆದೆ. ಇದನ್ನು ಬಿಟ್ಟು ನಾನು ಯಾವ ಒಡವೆಯನ್ನೂ ಮುಟ್ಟುವುದಿಲ್ಲ. ಆಮೇಲೆ ಒಣ ಕುಂಚ. ಮಕ್ಕಳು ಜಲವರ್ಣಕ್ಕೆ ಬಳಸುವ ಮೆತ್ತನೆಯ ಕುಂಚ ಸಾಕು. ಅರ್ಧ ಕೊಳೆ ಅದರಲ್ಲೇ ಹೋಗುತ್ತದೆ. ಕಿಲುಬಿಗೆ ಬಿದಿರಿನ ಹಲ್ಲುಕಡ್ಡಿ ಚೂಪು ಮಾಡಿಕೊಂಡು, ಭೂತಗನ್ನಡಿಯ ಕೆಳಗೆ ಮೆಲ್ಲಗೆ ಕೆರೆದು ಎತ್ತಬೇಕು. ಬಿದಿರು ಹಿತ್ತಾಳೆಗಿಂತ ಮೆದು, ಗೀರು ಬೀಳುವುದಿಲ್ಲ. ನಮ್ಮ ಮನೆಗಳಲ್ಲಿ ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಹಾಕಿ ತಿಕ್ಕುವ ರೂಢಿ ಕೈಯಲ್ಲೇ ಇರುತ್ತದಲ್ವಾ, ಅದನ್ನು ಇಲ್ಲಿ ಪೂರ್ತಿ ಬದಿಗಿಡಬೇಕು. ಹುಳಿ ಎನಾಮಲ್ಲಿನ ಅಂಚಿನಡಿ ಇಳಿದರೆ ಎನಾಮಲ್ ಪದರ ಎದ್ದು ಬರುತ್ತದೆ. ಹರಳಿನ ಹಿಂದೆ ಬೇಗಡೆ ಇದ್ದರಂತೂ ಒಂದು ಹನಿ ನೀರೂ ಅಪಾಯ. ನೀರು ಹೊಕ್ಕರೆ ಬೇಗಡೆ ಕಪ್ಪಾಗುತ್ತದೆ. ಹರಳು ಸತ್ತ ಕಣ್ಣಿನಂತೆ ಮಂಕಾಗುತ್ತದೆ. ಅದನ್ನು ಮತ್ತೆ ಬೆಳಗಿಸಲು ಆಗುವುದಿಲ್ಲ. ಲೋಹಕ್ಕೆ ಮಾತ್ರ ಹತ್ತಿಯ ತುದಿಯನ್ನು ಶುದ್ಧ ನೀರಿಗೆ ಅದ್ದಿ, ಹಿಂಡಿ, ಒರೆಸಿ, ಕೂಡಲೇ ಒಣಬಟ್ಟೆಯಲ್ಲಿ ಒತ್ತಿಕೊಂಡೆ. ಒಡವೆಯನ್ನು ನೀರಿನಲ್ಲಿ ಮುಳುಗಿಸುವುದು ಎಂಬ ಮಾತೇ ಇಲ್ಲ.

ಎಷ್ಟು ಶುಚಿ ಮಾಡಬೇಕು? ಕಿಲುಬು ಹೋಗಬೇಕು, ಏಕೆಂದರೆ ಅದು ಲೋಹವನ್ನು ತಿನ್ನುತ್ತಾ ಹೋಗುತ್ತದೆ. ಕಂದು ಛಾಯೆ ಉಳಿಯಬೇಕು. ಕೆಲವು ತುಣುಕುಗಳಲ್ಲಿ ಆ ಕಂದನ್ನು ಕಾರ್ಖಾನೆಯಲ್ಲೇ ಕೊಟ್ಟಿದ್ದರು, ಹಳೆಯದಾಗಿ ಕಾಣಲಿ ಅಂತ. ಅದನ್ನು ಉಜ್ಜಿ ಹಳದಿ ಮಾಡಿದರೆ ಮಾಡಿದವರ ಕೆಲಸವನ್ನೇ ಅಳಿಸಿದ ಹಾಗೆ. ಪಾಲಿಶ್ ಹಾಕಿ ಫಳಫಳ ಹೊಳೆಸಿದ ಹಳೆಯ ಹಿತ್ತಾಳೆಯ ಒಡವೆ ನೋಡಿದಾಗ ನನಗೆ ಸಂಕಟವಾಗುತ್ತದೆ.

ಖಾಲಿ ಜೋಲು ಹೆಚ್ಚು ಹೊತ್ತು ತಿಂದಿತು. ವರ್ನಿಯರ್ ಮಾಪನದಲ್ಲಿ ಅಳೆದರೆ ಹರಳಿನ ಜಾಗ 10 ಮಿಲಿಮೀಟರ್ ಉದ್ದ, 8 ಅಗಲ. ಅದೇ ಅಳತೆಯ ಹೊಸ ಜೀರುಂಡೆ ಪ್ಲಾಸ್ಟಿಕ್ಕಿನಲ್ಲಿ ಬೇಕಾದಷ್ಟು ಸಿಗುತ್ತವೆ, ಬಣ್ಣವೂ ಪಕ್ಕಾ ಹೊಂದುತ್ತದೆ. ನಾನು ಕಾದೆ. ಕೊನೆಗೆ ಮುರಿದ ಬಳೆಯೊಂದರಿಂದ ಹಳೆಯ ಗಾಜಿನ ಜೀರುಂಡೆ ಸಿಕ್ಕಿತು. ಗಾಜು ಕೆನ್ನೆಗೆ ತಾಗಿಸಿದರೆ ತಣ್ಣಗಿರುತ್ತದೆ, ಹಲ್ಲಿಗೆ ಮೆಲ್ಲಗೆ ತಟ್ಟಿದರೆ ಟಿಣ್ ಎನ್ನುತ್ತದೆ. ಪ್ಲಾಸ್ಟಿಕ್ ಬೆಚ್ಚಗೆ, ಸದ್ದು ಮಂಕು. ಇದರ ಅಂಚಿನಲ್ಲಿ ಅಚ್ಚಿನ ಎರಡು ಭಾಗ ಕೂಡಿದ ಗೆರೆ ಸಣ್ಣಗೆ ಕಾಣುತ್ತಿತ್ತು, ಮೇಲೆ ಕೈಯಲ್ಲಿ ಉಜ್ಜಿದ ಗುರುತು. ಬಣ್ಣ ಉಳಿದೆರಡಕ್ಕಿಂತ ಒಂದು ಛಾಯೆ ನೀಲಿ ಜಾಸ್ತಿ. ಅದೇ ಇರಲಿ ಎಂದುಕೊಂಡೆ. ಬಣ್ಣ ಒಂದಿಷ್ಟು ಬೇರೆಯಾದರೂ ವಸ್ತು ಅದೇ, ಕಸುಬು ಅದೇ.

ಕೂರಿಸುವಾಗ ಉಸಿರು ಬಿಗಿ ಹಿಡಿಯಬೇಕಾಗುತ್ತದೆ. ಹರಳನ್ನು ಹಿಡಿಯುವುದು ಹಿತ್ತಾಳೆಯ ನಾಲ್ಕು ಪುಟ್ಟ ಹಲ್ಲು. ಹಿತ್ತಾಳೆಯನ್ನು ಬಗ್ಗಿಸಿದಷ್ಟೂ ಗಡುಸಾಗುತ್ತದೆ. ಒಮ್ಮೆ ಬಗ್ಗಿ ನೂರು ವರ್ಷ ಹಾಗೇ ಇದ್ದ ಹಲ್ಲನ್ನು ಎತ್ತಿ ಮತ್ತೆ ಮಡಚಿದರೆ ಪಟ್ಟನೆ ಮುರಿಯಬಹುದು. ನಾಲ್ಕನ್ನೂ ಎತ್ತಲೇ ಇಲ್ಲ. ಒಂದನ್ನು ಮಾತ್ರ, ಹರಳಿನ ಅಂಚು ನುಸುಳುವಷ್ಟು ಎತ್ತಿದೆ. ಜೀರುಂಡೆಯನ್ನು ಓರೆಯಾಗಿ ಎದುರಿನ ಹಲ್ಲುಗಳ ಅಡಿಗೆ ತಳ್ಳಿ, ಮಟ್ಟ ಮಾಡಿ, ಎತ್ತಿದ ಹಲ್ಲನ್ನು ಗಟ್ಟಿ ಮರದ ಕಡ್ಡಿಯಿಂದ ಒತ್ತಿದೆ. ಉಕ್ಕಿನ ಹತಾರ ಜಾರಿದರೆ ಗಾಜಿನ ಚಕ್ಕೆ ಹಾರುತ್ತದೆ, ಮರ ಜಾರಿದರೆ ಏನೂ ಆಗುವುದಿಲ್ಲ. ಅಂಟು ಹಾಕಲಿಲ್ಲ. ನಾಳೆ ಯಾರಿಗಾದರೂ ಇದಕ್ಕಿಂತ ಸರಿಯಾದ ಜೀರುಂಡೆ ಸಿಕ್ಕರೆ ನನ್ನದನ್ನು ತೆಗೆದು ಅದನ್ನು ಕೂರಿಸಲು ದಾರಿ ಇರಬೇಕು.

ಬೆಂಕಿಯನ್ನು ನಾನು ಈ ಒಡವೆಗಳ ಹತ್ತಿರಕ್ಕೂ ತರುವುದಿಲ್ಲ. ನಮ್ಮ ಅಕ್ಕಸಾಲಿಗರು ಚಿನ್ನಕ್ಕೆ ಬೆಸುಗೆ ಹಾಕುವ ಶಾಖ ಇಲ್ಲಿ ತಗುಲಿದರೆ ಗಾಜು ಸೀಳುತ್ತದೆ, ಎನಾಮಲ್ ಸುಡುತ್ತದೆ, ಹಳೆಯ ತವರ-ಸೀಸದ ಬೆಸುಗೆ ಕರಗಿ ಪಕ್ಕದ ಕೀಲೆಲ್ಲ ಬಿಚ್ಚಿಕೊಳ್ಳುತ್ತದೆ. ತುಂಡಾದ ಕಡೆ ಹಿತ್ತಾಳೆ ತಂತಿಯ ಕೊಂಡಿ ಹಾಕಿ ಕೂಡಿಸುತ್ತೇನೆ. ಯಾರೋ ಹಾಕಿದ್ದ ಆ ದೊಡ್ಡ ಕೊಕ್ಕೆಯನ್ನು ತೆಗೆದುಹಾಕಿ, ಸರದ ಕಾಲದ್ದೇ ಆದ ಇನ್ನೊಂದು ಹರಿದ ಸರದಿಂದ ಸ್ಪ್ರಿಂಗ್ ಉಂಗುರದ ಕೊಕ್ಕೆ ಹಾಕಿದೆ. ಸಿಂಹನಾರಿಯ ರೆಕ್ಕೆಯಲ್ಲಿ ಎನಾಮಲ್ ಉದುರಿದ ಜಾಗವನ್ನು ಹಾಗೇ ಬಿಟ್ಟೆ. ಅಲ್ಲಿ ಬಣ್ಣ ತುಂಬಿದರೆ ದೂರಕ್ಕೆ ಚೆನ್ನಾಗಿ ಕಾಣುತ್ತದೆ, ಹತ್ತಿರ ಹೋದರೆ ಸುಳ್ಳು ಕಾಣುತ್ತದೆ. ಕೊನೆಗೆ ಲೋಹದ ಮೇಲೆ ರಿನೆಸಾನ್ಸ್ ವ್ಯಾಕ್ಸ್ ಎಂಬ ಮೇಣವನ್ನು ತೀರಾ ತೆಳುವಾಗಿ ಸವರಿ ಒರೆಸಿದೆ. ಬ್ರಿಟಿಷ್ ಮ್ಯೂಸಿಯಂನ ಪ್ರಯೋಗಾಲಯದಲ್ಲಿ ರೂಪಿಸಿದ ಮೇಣ ಅದು. ಇಲ್ಲಿನ ತೇವದ ಗಾಳಿಗೆ ಅದು ಬೇಕೇ ಬೇಕು.

ಎಲ್ಲವೂ ಗಾಜು, ಹಿತ್ತಾಳೆ ಆಗಿರುವುದಿಲ್ಲ. 1920ರ ದಶಕದ ಹಾವಿನ ಬಳೆ, ಫೇರೋನ ಮುಖದ ಬಳೆಗಳಲ್ಲಿ ಎಷ್ಟೋ ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್ಕಿನವು. ಬಿಸಿನೀರಲ್ಲಿ ಉಜ್ಜಿದರೆ ಕರ್ಪೂರದ ವಾಸನೆ ಬರುತ್ತದೆ. ಅದಕ್ಕೆ ಬೆಂಕಿ ಬೇಗ ಹತ್ತುತ್ತದೆ, ಜೊತೆಗೆ ಅದು ಕೆಡಲು ಶುರುವಾದರೆ ಹೊರಬರುವ ಆವಿ ಪಕ್ಕದ ಲೋಹವನ್ನೂ ಹಾಳು ಮಾಡುತ್ತದೆ. ಅದಕ್ಕೆ ಬೇರೆಯೇ ಪೆಟ್ಟಿಗೆ, ಗಾಳಿಯಾಡುವಂಥದ್ದು.

ಇನ್ನೊಂದು ಬಗೆಯನ್ನು ನಾನು ಕೊಳ್ಳುವುದಿಲ್ಲ. 'ಮಮ್ಮಿ ಮಣಿ' ಎಂದು ಮಾರುವ ಸಣ್ಣ ಕೊಳವೆಯಂಥ ನೀಲಿಹಸಿರು ಮಣಿಗಳ ಸರ. 1920ರ ಹೊತ್ತಿನಲ್ಲಿ ಅವು ಫ್ಯಾಶನ್. ಕೆಲವು ಆಗ ಹೊಸದಾಗಿ ಮಾಡಿದವು, ಕೆಲವು ನಿಜವಾಗಿಯೂ ಸಾವಿರಾರು ವರ್ಷ ಹಳೆಯವು, ಸಮಾಧಿಗಳಿಂದ ತೆಗೆದವು. ನಿಜವಾದವು ಫಯಾನ್ಸ್. ಬೆಣಚುಕಲ್ಲಿನ ಪುಡಿಗೆ ಕ್ಷಾರ, ತಾಮ್ರ ಬೆರೆಸಿ ಸುಟ್ಟಾಗ ಮೇಲೆ ತಾನಾಗಿ ಹೊಳಪು ಮೂಡುವ ವಸ್ತು. ಈಜಿಪ್ಟ್ 1983ರ 117ನೇ ಕಾನೂನಿನಿಂದ ಪುರಾತನ ವಸ್ತುಗಳ ವ್ಯಾಪಾರವನ್ನೂ ರಫ್ತನ್ನೂ ನಿಲ್ಲಿಸಿತು. ಅದಕ್ಕೆ ಮುಂಚೆ ಹೊರಬಂದದ್ದು ಎಂದು ಕಾಗದ ತೋರಿಸುವವರು ಇರುತ್ತಾರೆ. ಕಾಗದ ಏನೇ ಹೇಳಲಿ, ಸತ್ತವರ ಮೈಮೇಲೆ ಹೊದಿಸಿದ್ದನ್ನು ಕತ್ತಿಗೆ ಹಾಕಿಕೊಳ್ಳಲು ನನಗೆ ಮನಸ್ಸು ಬಾರದು. ಆ ಮಣಿಗಳನ್ನು ನೋಡುವ ಆಸೆ ಆದಾಗ ಬ್ಲೂಮ್ಸ್‌ಬರಿಯ ಪೆಟ್ರಿ ಮ್ಯೂಸಿಯಂಗೆ ಹೋಗುತ್ತೇನೆ. ಅಲ್ಲಿ ಫಯಾನ್ಸ್ ಮಣಿಗಳನ್ನು ಬಲೆಯಾಗಿ ಪೋಣಿಸಿದ ಉಡುಪೊಂದಿದೆ. ಅದರ ಮುಂದೆ ಒಂದಿಷ್ಟು ಹೊತ್ತು ನಿಂತರೆ ಈಜಿಪ್ಟಿನವರ ಬಣ್ಣದ ಲೆಕ್ಕ ಅರ್ಥವಾಗುತ್ತದೆ.

ಆಮೇಲಿನ ಅಲೆಗಳ ಬಗ್ಗೆ ನನಗೆ ಅಷ್ಟು ಸೆಳೆತವಿಲ್ಲ, ಆದರೆ ಗೊತ್ತಿರಬೇಕು. ನಡುವಿನ ದಶಕಗಳಲ್ಲಿ ಅಮೆರಿಕಾದಲ್ಲಿ ಬಣ್ಣಬಣ್ಣದ ಕಲ್ಲಿನ ಜೀರುಂಡೆಗಳ ಕೈಸರ ಬಂತು. ಅದರ ಮೇಲೆ '1/20 12ಕೆ ಜಿಎಫ್' ಎಂದು ಒತ್ತಿರುತ್ತಾರೆ. ಮೇಲೆ ಹೊದಿಸಿದ 12 ಕ್ಯಾರೆಟ್ ಚಿನ್ನ ಲೋಹದ ತೂಕದಲ್ಲಿ ಇಪ್ಪತ್ತನೇ ಒಂದು ಭಾಗ ಎಂದು ಅರ್ಥ. 1963ರಲ್ಲಿ ಎಲಿಜಬೆತ್ ಟೇಲರ್ ಕ್ಲಿಯೋಪಾತ್ರಾ ಆದ ಮೇಲೆ ತೋಳಿಗೆ ಸುತ್ತುವ ಹಾವುಗಳು, ನಮ್ಮ ವಂಕಿ ಹಾಕುವ ಜಾಗದಲ್ಲೇ. 1972ರಲ್ಲಿ ತುತಾಂಖಾಮನ್‌ನ ಸಾಮಗ್ರಿ ಲಂಡನ್ನಿಗೆ ಬಂದಾಗ 16 ಲಕ್ಷಕ್ಕೂ ಜಾಸ್ತಿ ಜನ ನೋಡಿದರು. 1976ರಿಂದ 1979ರವರೆಗೆ ಅಮೆರಿಕಾ ಸುತ್ತಿದಾಗ ಸುಮಾರು 80 ಲಕ್ಷ. ಆಗ ಕತ್ತು ತುಂಬುವ ಅಗಲ ಕಂಠಹಾರಗಳು, ಅಮೆರಿಕಾದ ಗಿಲೀಟು ಒಡವೆ ವಿನ್ಯಾಸಕಾರ ಕೆನೆತ್ ಜೇ ಲೇನ್ ಅಂಥವರ ಹೆಸರೊತ್ತಿದ ಒಡವೆಗಳು ಮಾರುಕಟ್ಟೆಗೆ ಬಂದವು. ಇವುಗಳಲ್ಲಿ ಎನಾಮಲ್ ಎಂದು ಕಾಣುವುದು ಹೆಚ್ಚಾಗಿ ಸುಡದೆ ಸುರಿದ ಬಣ್ಣದ ರಾಳ. ಅದರ ಹಗುರತನ ಕೈಗೆ ಗೊತ್ತಾಗುತ್ತದೆ. ಹಾಕಿಕೊಳ್ಳಲು ಇವೇ ಒಳ್ಳೆಯವು, ಗಟ್ಟಿಮುಟ್ಟು, ರೇಷ್ಮೆ ಸೀರೆಗೂ ಚೆನ್ನಾಗಿ ಒಪ್ಪುತ್ತವೆ. ಹೊಸದಾಗಿ ಶುರು ಮಾಡುವವರು ಇಲ್ಲಿಂದಲೇ ಶುರು ಮಾಡಿ ಎಂದು ನಾನು ಹೇಳುತ್ತೇನೆ.

ಬೊಹೀಮಿಯಾದ ಸರಗಳನ್ನೂ ನಾನು ಹಾಕಿಕೊಳ್ಳುತ್ತೇನೆ, ವರ್ಷಕ್ಕೆ ಒಂದೆರಡು ಸಲ. ಸೆಂಟು, ಪೌಡರ್ ಎಲ್ಲ ಆದ ಮೇಲೆ ಕೊನೆಗೆ ಸರ. ತೆಗೆದ ಕೂಡಲೇ ಒಣ ಹತ್ತಿಬಟ್ಟೆಯಿಂದ ಬೆವರು ಒರೆಸಿ, ಆಮ್ಲವಿಲ್ಲದ ತೆಳು ಕಾಗದದಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿ ಒಂದೊಂದನ್ನೇ ಬೇರೆ ಬೇರೆ ಇಡುತ್ತೇನೆ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ತೇವ ನಿಲ್ಲುತ್ತದೆ.

ಪ್ರತಿ ಪೆಟ್ಟಿಗೆಯಲ್ಲೂ ಒಂದು ಚೀಟಿ ಇರುತ್ತದೆ. ಎಲ್ಲಿ ಸಿಕ್ಕಿತು, ಬೆನ್ನಲ್ಲಿ ಏನು ಗುರುತು, ಯಾಕೆ ಆ ಕಾಲದ್ದು ಎಂದುಕೊಂಡೆ, ನಾನು ಏನು ಮುಟ್ಟಿದೆ. ಆ ಸಿಂಹನಾರಿ ಸರದ ಚೀಟಿಯಲ್ಲಿ ಹೀಗಿದೆ: "ಎಡಗಡೆಯ ಜೀರುಂಡೆ ಮೂಲದ್ದಲ್ಲ, ಮುರಿದ ಬಳೆಯಿಂದ ತೆಗೆದದ್ದು. ಕೊಕ್ಕೆ ಬೇರೆ ಸರದ್ದು. ರೆಕ್ಕೆಯ ಎನಾಮಲ್ ಮುಟ್ಟಿಲ್ಲ." ಸರದಿಂದ ತೆಗೆದ ದೊಡ್ಡ ಕೊಕ್ಕೆಯೂ ಅದೇ ಪೆಟ್ಟಿಗೆಯಲ್ಲಿ ಪುಟ್ಟ ಪೊಟ್ಟಣದಲ್ಲಿದೆ. ಮುಂದೆ ಇದನ್ನು ಕೊಳ್ಳುವವರಿಗೆ, ರಿಪೇರಿ ಮಾಡುವವರಿಗೆ ಎರಡೂ ಬೇಕಾಗುತ್ತವೆ.